ಕಪ್ಪಕ್ಕನ ಕಲ್ಲು

ಕಲ್ಲಿನ ಸುದ್ದಿಯನ್ನು ಕಪ್ಪಕ್ಕನಿಗೆ ತಂದವಳು ಹಾಲಿನವಳು. ಪಾತ್ರೆಗೆ ಹಾಲು ಸುರಿಯುತ್ತಲೇ, "ನಿಮ್ಮ ಓರಗಿತ್ತಿ ಕಲ್ಲು ಸಿಕ್ತಂತೆ ಕಣಮ್ಮ. ಹೂಳು ತೆಗೆಯೋ ಯಂತ್ರದವರು ಎತ್ತಿ ದಡಕ್ಕಿಟ್ಟಿದ್ದಾರೆ. ಹೊಸ ನಡೆದಾರಿ ಬಾಗಿಲಲ್ಲೇ ಕೂರಿಸ್ತಾರಂತೆ, ಪಕ್ಕದಲ್ಲಿ ಅವರ ಫೋಟೋ ಬೇರೆ," ಎಂದಳು.

ಕಪ್ಪಕ್ಕ ಪಾತ್ರೆಯನ್ನು ಹಿಂದಕ್ಕೆ ಎಳೆದುಕೊಂಡಳು. ಹಾಲು ಹೊಸ್ತಿಲ ಮೇಲೆ ಬಿತ್ತು.

"ಎಲ್ಲಿ ಸಿಕ್ತು?"

"ಕೆಳಗಿನ ತಿರುವಿನಲ್ಲಿ ಅಂದ್ರಪ್ಪ. ನೋಡಿ, ಹಾಲೆಲ್ಲ ಚೆಲ್ಲಿದ್ರಿ."

"ಹಾಲು ಹಾಳಾಗಿ ಹೋಗಲಿ. ಕೆಳಗಿನ ತಿರುವಿಗೆ ಹೊನ್ನಕ್ಕ ಯಾವತ್ತು ಕಾಲಿಟ್ಟಿದ್ದಳು? ಅದು ನಂದು ಕಣೇ. ನನ್ನ ಕಲ್ಲು!"

ಗೋಡೆಯ ಈಚೆ ನಾನು ಬೆಳಗಿನ ಪ್ರಾರ್ಥನೆಗೆ ಕೂತಿದ್ದೆ. ನಮ್ಮಿಬ್ಬರ ಮನೆಗೂ ಒಂದೇ ಗೋಡೆ. ಆಚೆ ಚಮಚ ಬಿದ್ದರೆ ಈಚೆ ಕೇಳುತ್ತದೆ. ಇಷ್ಟು ವರ್ಷಗಳಲ್ಲಿ ಕಪ್ಪಕ್ಕನ ಬಾಯಿಂದ ಓರಗಿತ್ತಿಯ ವಿಷಯ ಎಷ್ಟು ಸಲ ಕೇಳಿದ್ದೇನೋ ದೇವರಿಗೇ ಗೊತ್ತು. ಸೊಪ್ಪು ಬಿಡಿಸುವಾಗ, ಹರಿದ ಬಟ್ಟೆ ಹೊಲಿಯುವಾಗ, ಎಲ್ಲಿಂದ ಶುರುವಾದ ಮಾತಾದರೂ ಕೊನೆಗೆ ನದಿಗೆ ಇಳಿಯುತ್ತಿತ್ತು. ನದಿಗೆ ಇಳಿದರೆ ಹೊನ್ನಕ್ಕ ಬಂದೇ ಬರುತ್ತಿದ್ದಳು. ಕಪ್ಪಕ್ಕನ ಬದುಕನ್ನು ಬರೆಯಹೊರಟರೆ ನಾನೂ ಅಲ್ಲಿಂದಲೇ ಶುರು ಮಾಡಬೇಕು.

ನಮ್ಮ ನದಿ ದೊಡ್ಡದೇನಲ್ಲ. ಈ ದಡದಿಂದ ಕೂಗಿದರೆ ಆ ದಡದವರು ಓಗೊಡುತ್ತಾರೆ. ಬಹಳ ಹಿಂದೆ ಅದು ದೋಣಿಯವರ ನದಿಯಾಗಿತ್ತಂತೆ. ಸೇತುವೆ ಬಂತು, ದೋಣಿಗಳು ಹೋದವು, ದೋಣಿ ಕಟ್ಟುತ್ತಿದ್ದ ದಪ್ಪ ಕಲ್ಲುಗಳು ಮಾತ್ರ ನೀರಿನಲ್ಲಿ ಉಳಿದವು. ನೂಲಿಗೆ ಬಣ್ಣ ಹಾಕುವ ಮನೆಗಳವರು ಆ ಕಲ್ಲುಗಳನ್ನು ತಮ್ಮದು ಮಾಡಿಕೊಂಡರು. ಬಣ್ಣದ ಹಂಡೆಯಿಂದ ತೆಗೆದ ನೂಲಿನ ಲಡಿಯನ್ನು ಹರಿವ ನೀರಿನಲ್ಲಿ ಅದ್ದಿ, ಕಲ್ಲಿನ ಮೇಲೆ ಬಡಿದು, ಮತ್ತೆ ಅದ್ದಿ, ನೀರು ತಿಳಿಯಾಗುವವರೆಗೆ ತೊಳೆಯಬೇಕು. ಅದು ಹೆಂಗಸರ ಕೆಲಸ.

ಅದಕ್ಕೊಂದು ಕಟ್ಟಳೆ ಇತ್ತು. ಬಿಳಿ ನೂಲು ತೊಳೆಯುವವರು ಎಲ್ಲರಿಗಿಂತ ಮೇಲೆ, ನೀರು ಬರುವ ಕಡೆ. ಅವರ ಕೆಳಗೆ ಹಳದಿ. ಅದರ ಕೆಳಗೆ ಕೆಂಪು. ಕಟ್ಟಕಡೆಗೆ, ತಿರುವಿನಲ್ಲಿ, ಕಪ್ಪು. ಕಪ್ಪಿನವರು ಮೇಲೆ ನಿಂತರೆ ಅವರು ಬಿಟ್ಟ ಬಣ್ಣ ಕೆಳಗಿನವರ ಹಳದಿಗೆ ಹತ್ತುತ್ತದೆ. ಅದಕ್ಕೇ ಆ ಏರ್ಪಾಡು. ಬರೀ ಕೆಲಸದ ಅನುಕೂಲ. ಆದರೆ ಮೇಲೆ, ಕೆಳಗೆ ಎಂಬ ಮಾತು ಬಂದ ಮೇಲೆ ಮನುಷ್ಯರು ಬರೀ ನೀರನ್ನು ನೋಡುತ್ತಾ ಕೂರುತ್ತಾರೆಯೇ? ಹಳದಿ ಕಲ್ಲಿನವಳು ಬೀದಿಯಲ್ಲಿ ನಡೆದರೆ ಕಪ್ಪು ಕಲ್ಲಿನವಳು ಸರಿದು ದಾರಿ ಬಿಡುತ್ತಿದ್ದಳು.

ಕಪ್ಪಕ್ಕನ ಮಾವನ ಮನೆಯಲ್ಲಿ ಹಳದಿ, ಕಪ್ಪು ಎರಡೂ ಬಣ್ಣ ಹಾಕುತ್ತಿದ್ದರು. ಹಿರಿಸೊಸೆಯಾಗಿ ಬಂದ ಅವಳಿಗೆ ಅತ್ತೆ ಕೊಟ್ಟದ್ದು ಹಳದಿ ಕಲ್ಲನ್ನೇ. ಆಗ ಅವಳು ಕಪ್ಪಕ್ಕನೂ ಅಲ್ಲ. ಮೊಣಕೈವರೆಗೆ ಹಳದಿ ಹತ್ತಿದ ಕೈಗಳನ್ನು ಬಿಸಿಲಿಗೆ ಹಿಡಿದು ನೋಡಿಕೊಳ್ಳುತ್ತಿದ್ದಳಂತೆ. "ಮೈಮೇಲೆ ಚಿನ್ನ ಇರಲಿಲ್ಲ ನೋಡು, ಅದೇ ಚಿನ್ನ ಅಂದ್ಕೊಂಡಿದ್ದೆ," ಎನ್ನುತ್ತಿದ್ದಳು.

ಆಮೇಲೆ ಕಿರಿಸೊಸೆ ಬಂದಳು. ಸಣ್ಣ ಮೈಕಟ್ಟು, ಸದಾ ನಗುಮುಖ. ಸಿಡುಕು ಮೋರೆಯ ಅತ್ತೆಯೂ ಅವಳ ಮುಂದೆ ನಗುತ್ತಿದ್ದಳಂತೆ. ಬೇರಿನಿಂದ ತೆಗೆಯುವ ಆ ಹಳದಿಗೆ ಒಂದು ಗುಣವಿದೆ, ಬೂದಿ ತಾಗಿದರೆ ಕೆಂಪಾಗುತ್ತದೆ. ಬಣ್ಣದ ಮನೆಯ ಕೂಸಿಗೂ ಗೊತ್ತಿರುವ ವಿಷಯ. ಒಂದು ಬೆಳಿಗ್ಗೆ ಪಾತ್ರೆ ಉಜ್ಜುವ ಸರದಿ ಕಿರಿಯವಳದು. ಹೊಟ್ಟೆನೋವು ಎಂದು ಮಲಗಿದಳು. ಹಿರಿಯವಳು ಗೊಣಗುತ್ತಾ ಬೂದಿ ಹಾಕಿ ಪಾತ್ರೆ ಉಜ್ಜಿ, ಹೊತ್ತಾಯಿತೆಂದು ಕೈ ಸರಿಯಾಗಿ ತೊಳೆಯದೆ ಹಂಡೆಯ ಬಳಿ ಓಡಿ ಲಡಿಗಳನ್ನು ಎತ್ತಿದಳು. ನದಿಗೆ ಬಂದು ನೋಡಿದರೆ ಹಳದಿ ನೂಲಿನ ತುಂಬ ಕೆಂಪು ಬೆರಳುಗಳು. ಯಾರೋ ಕೆನ್ನೆಗೆ ಬಾರಿಸಿದ ಹಾಗೆ.

ಅತ್ತೆ ಬೈಯಲಿಲ್ಲ. ಬೈದಿದ್ದರೆ ಮರೆತುಹೋಗುತ್ತಿತ್ತು. "ಹಳದಿಗೆ ಈ ಕೈ ಬೇಡ," ಎಂದಳು, ಅಷ್ಟೆ. ಮಾರನೆಯ ದಿನ ಹೊಟ್ಟೆನೋವು ವಾಸಿಯಾದ ಕಿರಿಯವಳು ಹಳದಿ ಕಲ್ಲಿನ ಮೇಲೆ ನಿಂತಿದ್ದಳು. ಹಿರಿಯವಳು ತಲೆ ತಗ್ಗಿಸಿಕೊಂಡು ಕೆಂಪಿನವರನ್ನೂ ದಾಟಿ ತಿರುವಿಗೆ ಇಳಿದಳು. ತೊಗಟೆ, ತುಕ್ಕು ಕಬ್ಬಿಣ ಕುದಿಸಿ ಮಾಡುವ ಕಪ್ಪು ಒಮ್ಮೆ ಕೈಗೆ ಹತ್ತಿತೆಂದರೆ ಮತ್ತೆ ಹಳದಿ ಮುಟ್ಟುವ ಹಾಗಿಲ್ಲ. ಊರಿಗೆ ಒಬ್ಬಳು ಹೊನ್ನಕ್ಕನಾದಳು, ಇನ್ನೊಬ್ಬಳು ಕಪ್ಪಕ್ಕನಾದಳು.

"ಅವಳ ಕಾಲು ತೊಳೆದ ನೀರಲ್ಲಿ ನಿಂತು ನಾನು ಬಾಳಿದೆ," ಎನ್ನುತ್ತಿದ್ದಳು ಕಪ್ಪಕ್ಕ. ಉತ್ಪ್ರೇಕ್ಷೆಯೇನಲ್ಲ, ಮೇಲಿನಿಂದ ತೆಳ್ಳಗೆ ಹಳದಿ ತೇಲಿ ಬಂದು ಅವಳ ಮೊಣಕಾಲಿಗೆ ಸುತ್ತಿಕೊಳ್ಳುತ್ತಿತ್ತು. ಒದ್ದೆ ಲಡಿಗಳ ಬುಟ್ಟಿ ಹೊತ್ತು ತರುತ್ತಿದ್ದವನು ಕಪ್ಪಕ್ಕನ ಗಂಡ. ದಾರಿಯಲ್ಲಿ ಮೊದಲು ಸಿಗುವುದು ಹಳದಿ ಕಲ್ಲು. "ಅವಳ ಹತ್ತಿರ ನಿಂತು ಒಂದು ಮಾತಾಡಿ ನಕ್ಕು ಬರ್ತಿದ್ರು. ನನ್ನ ಹತ್ತಿರ ಬರೋ ಹೊತ್ತಿಗೆ ನಗು ಖರ್ಚಾಗಿರ್ತಿತ್ತು."

"ಭಾರ ಹೊತ್ತು ಸುಸ್ತಾಗಿರುತ್ತಿದ್ದರೇನೋ ಅಕ್ಕ," ಎಂದು ನಾನೊಮ್ಮೆ ಹೇಳಿ ನೋಡಿದೆ.

"ಬುಟ್ಟಿ ಅಲ್ಲಿ ಅರ್ಧ ಖಾಲಿ ಆಗ್ತಿತ್ತು. ಹಗುರ ಆದ ಮೇಲೆ ಸುಸ್ತು ಜಾಸ್ತಿ ಆಗುತ್ತಾ? ನೀನೂ ಅವಳ ಕಡೆನೇ ಬಿಡು."

ಒಮ್ಮೆ ಪರ ಊರಿನ ಫೋಟೋದವನೊಬ್ಬ ಬಂದು ಹೊನ್ನಕ್ಕನ ಫೋಟೋ ತೆಗೆದ. ನೀರಲ್ಲಿ ನಿಂತು, ಎರಡು ಕೈಯಲ್ಲಿ ಲಡಿ ಎತ್ತಿ ಹಿಡಿದು ನಗುತ್ತಿರುವ ಫೋಟೋ. ಅದರ ಮೂಲೆಯಲ್ಲಿ, ದೂರದಲ್ಲಿ, ಬೆರಳುಗುರಿನಷ್ಟು ಒಂದು ಬಗ್ಗಿದ ಬೆನ್ನು. "ನಾನೂ ಇದ್ದೀನಿ ಅದರಲ್ಲಿ," ಎನ್ನುತ್ತಿದ್ದಳು ಕಪ್ಪಕ್ಕ. "ಮುಖ ಇಲ್ಲ ಅಷ್ಟೆ."

ಅವಳ ಬದುಕಿನಲ್ಲಿ ಒಂದೇ ಒಂದು ಸಲ ನದಿ ಅವಳ ಪಕ್ಷಕ್ಕೆ ಬಂತು. ಮೇಲ್ಗಡೆ ದೊಡ್ಡ ನೂಲಿನ ಗಿರಣಿ ಶುರುವಾಗಿ, ಡಬ್ಬಿಯಲ್ಲಿ ಬರುವ ಹೊಸ ಬಣ್ಣಗಳ ನೀರನ್ನು ನದಿಗೆ ಬಿಡತೊಡಗಿದರು. ಇವತ್ತು ನೀಲಿ, ನಾಳೆ ಗುಲಾಬಿ, ನಾಡಿದ್ದು ಹಸಿರು. ಗಿರಣಿಯವರು ಏನು ಅದ್ದಿದರೆ ಅದು. ಮಕ್ಕಳು ಬೆಳಿಗ್ಗೆ ಎದ್ದು "ಇವತ್ತು ಯಾವ ನದಿ?" ಎಂದು ಕೇಳುತ್ತಿದ್ದರಂತೆ. ನೀಲಿ ನೀರಿನಲ್ಲಿ ಹಳದಿ ತೊಳೆಯಲಾದೀತೇ? ಮೊದಲು ಬಿಳಿಯವರು ಕಲ್ಲು ಬಿಟ್ಟರು, ಆಮೇಲೆ ಹೊನ್ನಕ್ಕ, ಆಮೇಲೆ ಕೆಂಪಿನವರು. ಕಪ್ಪಿಗೆ ಯಾವ ಬಣ್ಣದ ನೀರಾದರೇನು? ಇಡೀ ನದಿಯಲ್ಲಿ ಕಪ್ಪಕ್ಕ ಒಬ್ಬಳೇ ನಿಂತು ಲಡಿ ಬಡಿಯುತ್ತಿದ್ದಳು. ಹೊನ್ನಕ್ಕ ದಡದಲ್ಲಿ ಕೂತು ಅವಳಿಗೆ ಒಣಗಿದ ಲಡಿ ಸುತ್ತಿಕೊಡುತ್ತಿದ್ದಳು.

"ಆಗ ಹೇಗನ್ನಿಸ್ತಿತ್ತು ಅಕ್ಕ?"

ಕಪ್ಪಕ್ಕ ಬಾಗಿಲ ಕಡೆ ನೋಡಿ, ಯಾರೂ ಇಲ್ಲವೆಂದು ಖಚಿತ ಮಾಡಿಕೊಂಡು, "ಆ ವರ್ಷಗಳಲ್ಲಿ ಬಂದಂಥ ನಿದ್ದೆ ಮತ್ತೆ ಬರಲಿಲ್ಲ ಕಣೇ," ಎಂದಿದ್ದಳು. ಆಮೇಲೆ ನನ್ನ ದೇವರ ಗೂಡಿನ ಕಡೆ ತಿರುಗಿ, "ನೀನು ಕೇಳಿಸ್ಕೋಬೇಡಪ್ಪ," ಎಂದಳು.

ಆ ಸುಖವೂ ಬಹುಕಾಲ ಬಾಳಲಿಲ್ಲ. ಗಿರಣಿಯ ಅಗ್ಗದ ನೂಲಿನ ಮುಂದೆ ಕೈಬಣ್ಣದ ಮನೆಗಳು ಒಂದೊಂದೇ ಹಂಡೆ ಕವುಚಿದವು. ಕೊನೆಗೆ ಗಿರಣಿಯೂ ಮುಚ್ಚಿತು. ನೀರು ತಿಳಿಯಾದ ಮೇಲೆ ಊರಿನವರು ನದಿಯ ಮೇಲ್ತುದಿಯಲ್ಲಿ ಅಡ್ಡಗಟ್ಟೆ ಕಟ್ಟಿ, ಮನೆಮನೆಗೆ ಕುಡಿಯುವ ನೀರು ಕೊಡುವ ಪಂಪ್‌ಹೌಸ್ ಮಾಡಿದರು. ಗಾರೆ ಕೆಲಸ ಕಲಿತಿದ್ದ ಕಪ್ಪಕ್ಕನ ಮೈದುನ, ಅಂದರೆ ಹೊನ್ನಕ್ಕನ ಗಂಡ, ಅದನ್ನು ಕಟ್ಟಿದವರಲ್ಲೊಬ್ಬ. ಕಟ್ಟಿದ ಮೇಲೆ ಅಲ್ಲೇ ಕಾವಲಿಗೂ ನಿಂತ. ಅವರು ಎತ್ತರದ ಬೀದಿಗೆ ಮನೆ ಬದಲಿಸಿದರು. ಕಪ್ಪಕ್ಕನ ಗಂಡ ಅಷ್ಟರಲ್ಲಿ ತೀರಿಕೊಂಡಿದ್ದ. ಮಕ್ಕಳಿರಲಿಲ್ಲ. ಅವಳು ಕೆಳಗಿನ ಬೀದಿಯಲ್ಲಿ, ನನ್ನ ಗೋಡೆಯ ಆಚೆ, ದರ್ಜಿಗಳಿಗೆ ಕಾಜಾ ಹೊಲಿದುಕೊಡುತ್ತಾ ಉಳಿದಳು.

ಹೊಸ ಮನೆ ನೋಡಲು ಕರೆಯಲು ಹೊನ್ನಕ್ಕ ತಾನೇ ಬಂದಿದ್ದಳು. ಕಪ್ಪಕ್ಕನಿಗೆ ಮಂಡಿನೋವು. ಮೊಮ್ಮಗ ಹುಟ್ಟಿದಾಗ ಕರೆದಳು. ತಲೆನೋವು. ಮೈದುನ ಸತ್ತಾಗ ಮಾತ್ರ ಹೋಗಿ, ಬಾಗಿಲಲ್ಲೇ ನಿಂತು, ಬಂದುಬಿಟ್ಟಳು. "ಮೇಲಿನ ಬೀದಿ. ಅಲ್ಲೂ ಮೇಲೆ," ಎಂದಳು ಬಂದವಳು. ಅದಾದ ಮೇಲೆ ಕರೆಯುವುದು ನಿಂತಿತು.

ಅಡ್ಡಗಟ್ಟೆಯ ಕೆಳಗೆ ನದಿ ಸೊರಗಿತು. ಮರಳಿನವರು ಬಂದು ಬಗೆದರು. ಲಾರಿಯವರು ಲಾರಿ ತೊಳೆದರು. ಚರಂಡಿಗಳೆಲ್ಲ ಬಂದು ಸೇರಿದ ಮೇಲೆ ನಮ್ಮ ಬೀದಿಯವರು ನದಿಯ ಕಡೆಯ ಹಿತ್ತಿಲ ಬಾಗಿಲುಗಳಿಗೆ ಇಟ್ಟಿಗೆ ಕಟ್ಟಿ ಮುಚ್ಚಿಬಿಟ್ಟರು. ಕಲ್ಲುಗಳು ಹೂಳಿನಲ್ಲಿ ಮುಳುಗಿದವು. ಈಗ ಊರಿಗೆ ಮತ್ತೆ ನದಿಯ ನೆನಪು ಬಂದಿತ್ತು: ಚರಂಡಿಗೆ ಬೇರೆ ದಾರಿ, ದಡದಲ್ಲಿ ನಡೆದಾರಿ, ಬೆಂಚು, ಕಾಲಲ್ಲಿ ತುಳಿದು ನಡೆಸುವ ಹಂಸದ ಆಕಾರದ ಪ್ಲಾಸ್ಟಿಕ್ ದೋಣಿ. ಆ ಕೆಲಸದ ಮೇಸ್ತ್ರಿ ಬೇರೆ ಯಾರೂ ಅಲ್ಲ, ಹೊನ್ನಕ್ಕನ ಮೊಮ್ಮಗ.

ಹಾಲು ಚೆಲ್ಲಿದ ಆ ಬೆಳಿಗ್ಗೆ ಕಪ್ಪಕ್ಕ ಒಳಗೆ ಹೋದವಳು ಇಸ್ತ್ರಿ ಮಾಡಿಟ್ಟ ಸೀರೆ ಉಟ್ಟು, ಒಂದು ಟವೆಲ್ ಹೆಗಲಿಗೆ ಹಾಕಿಕೊಂಡು ಹೊರಬಂದಳು.

"ನಡಿ," ಎಂದಳು ನನಗೆ.

"ಮಂಡಿನೋವು?"

"ಅದು ಮೇಲಿನ ಬೀದಿಗೆ ಹೋಗುವಾಗ ಬರೋದು."

ದಾರಿಯುದ್ದಕ್ಕೂ ನನ್ನ ತೋಳು ಹಿಡಿದು ಒಂದೇ ಮಾತು. "ಯೌವನ ತಗೊಂಡಳು. ಹಳದಿ ತಗೊಂಡಳು. ನನ್ನ ಗಂಡನ ನಗು ತಗೊಂಡಳು. ಉಳಿದದ್ದು ಅದೊಂದು ಕಲ್ಲು. ಅದಕ್ಕೂ ಅವಳ ಹೆಸರು ಹಾಕಿಬಿಟ್ಟರೆ ನಾನು ಈ ಊರಲ್ಲಿ ಇದ್ದೆ ಅನ್ನೋದಕ್ಕೆ ಏನಿದೆ, ಹೇಳು?"

ದೇವರೇ, ಇವಳ ಮಾನ ಕಾಪಾಡು ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

ಕಲ್ಲು ನಡೆದಾರಿಯ ಬಾಗಿಲ ಬಳಿ ಮಲಗಿತ್ತು. ತೊಳೆದಿದ್ದರು, ಇನ್ನೂ ಒದ್ದೆ. ಮೊಮ್ಮಗ ತಲೆಗೆ ಹಳದಿ ಟೋಪಿ ಹಾಕಿಕೊಂಡು ಕೆಲಸದವರಿಗೆ ಕೂಗಿ ಹೇಳುತ್ತಿದ್ದ. ಕಪ್ಪಕ್ಕನನ್ನು ಕಂಡವನೇ, "ಓ, ದೊಡ್ಡಜ್ಜಿ! ಅಜ್ಜಿ ಕಲ್ಲು ನೋಡೋಕೆ ಬಂದ್ರಾ?" ಎಂದ.

"ಟೋಪಿನೂ ಹಳದಿನೇ," ಎಂದು ಗೊಣಗಿದ ಕಪ್ಪಕ್ಕ, "ಯಾರೋ ನಿನಗೆ ಹೇಳಿದ್ದು ಇದು ಅವಳ ಕಲ್ಲು ಅಂತ?" ಎಂದಳು.

"ಊರಲ್ಲಿ ಎಲ್ಲರೂ ಹಾಗೇ ಅಂತಾರಲ್ಲ. ಅಜ್ಜಿಯನ್ನೂ ಕೇಳಿದೆ. ಹೂಂ ಅಂದ್ರು."

"ಹೂಂ ಅಂದಳಾ! ಕರೆಸು ಅವಳನ್ನ. ನನ್ನ ಮುಖ ನೋಡಿ ಹೂಂ ಅನ್ನಲಿ."

ಕರೆಸುವ ಅಗತ್ಯ ಬೀಳಲಿಲ್ಲ. ಹೊನ್ನಕ್ಕ ಅಲ್ಲೇ ಬೆಂಚಿನ ಮೇಲೆ, ಸೊಸೆ ಹಿಡಿದ ಕೊಡೆಯ ನೆರಳಿನಲ್ಲಿ ಕೂತಿದ್ದಳು. ಕಣ್ಣು ಮಂಜಾಗಿದೆ ಎಂದು ಕೇಳಿದ್ದೆ. ಧ್ವನಿ ಬಂದ ದಿಕ್ಕಿಗೆ ಮುಖ ತಿರುಗಿಸಿ, ಹಲ್ಲಿಲ್ಲದ ಬಾಯಲ್ಲಿ ನಕ್ಕಳು. ಆ ನಗುವಿನ ಬಗ್ಗೆ ಇಷ್ಟು ವರ್ಷ ಕೇಳಿದ್ದೆ. ನಿಜಕ್ಕೂ ಚೆಂದದ ನಗು. ನಾನದನ್ನು ಕಪ್ಪಕ್ಕನಿಗೆ ಹೇಳಲಿಲ್ಲ.

"ಬಂದ್ಯಾ ಅಕ್ಕ," ಎಂದಳು.

"ಬರದೆ? ನೀರು ಬಿಟ್ಟು ದಡ ಸೇರಿದ ನನ್ನ ಕಲ್ಲಿಗೂ ಕೈ ಹಾಕಿದ್ಯಲ್ಲೇ!"

ಕೆಲಸದವರು ಸಲಿಕೆ ಊರಿ ನಿಂತರು. ಮೊಮ್ಮಗ ಮುಜುಗರದಿಂದ, "ದೊಡ್ಡಜ್ಜಿ, ಕಲ್ಲುಗಳೆಲ್ಲ ಒಂದೇ ಥರ ಅಲ್ವಾ? ಯಾರದು ಅಂತ ಹೇಗೆ ಹೇಳೋಕಾಗುತ್ತೆ?" ಎಂದ.

ಕಪ್ಪಕ್ಕ ಹೆಗಲ ಟವೆಲನ್ನು ಅಲ್ಲಿದ್ದ ಬಕೆಟ್ಟಿನಲ್ಲಿ ಅದ್ದಿ ಹಿಂಡದೆ ಎತ್ತಿದಳು. ಕಲ್ಲಿನ ಮುಂದೆ ಕಾಲು ಅಗಲಿಸಿ ನಿಂತಳು. ಮುದಿ ಸೊಂಟ ಬಗ್ಗೀತೋ ಇಲ್ಲವೋ ಎಂದು ನಾನು ಹತ್ತಿರ ಸರಿದೆ. ಎಡಗೈಯಲ್ಲಿ ಟವೆಲ್ ಸುತ್ತಿ, ಎಡ ಹೆಗಲ ಮೇಲಿಂದ ಬೀಸಿ ಬಡಿದಳು. ಅವಳು ಎಡಚಿ. ಗೋಡೆಯಾಚೆಯ ಸ್ನೇಹದಲ್ಲಿ ಅದನ್ನು ನಾನು ನೋಡಿ ನೋಡಿ ಮರೆತೇಬಿಟ್ಟಿದ್ದೆ. ಟವೆಲ್ ಹೋಗಿ ಬಿದ್ದದ್ದು ಕಲ್ಲಿನ ಎಡ ಅಂಚಿನಲ್ಲಿ ಬೋಗುಣಿಯ ಹಾಗೆ ಸವೆದಿದ್ದ ಗುಳಿಯೊಳಕ್ಕೆ. ಥಪ್ ಎಂದು ತುಂಬು ಸದ್ದಾಯಿತು. ಮತ್ತೊಮ್ಮೆ ಬಡಿದಳು. ಅದೇ ಗುಳಿ, ಅದೇ ಸದ್ದು. ಬಲ ಅಂಚು ಹೊಸ ಕಲ್ಲಿನಷ್ಟು ಚೂಪಾಗಿತ್ತು.

ಸಲಿಕೆಯವನೊಬ್ಬ, "ಸರಿ ಬಿಡಿ ಮೇಸ್ತ್ರಿ, ಅಳತೆ ತೆಗೆದು ಮಾಡಿಸಿದಂಗಿದೆ," ಎಂದ.

ಬೆಂಚಿನ ಮೇಲಿಂದ ಹೊನ್ನಕ್ಕ, ಕಣ್ಣು ಮುಚ್ಚಿಕೊಂಡೇ, "ಅದೇ ಸದ್ದು," ಎಂದಳು. "ನೂಲಲ್ಲ, ಯಾರನ್ನೋ ಬಡೀತಿದ್ದೀಯ ಅನ್ನಿಸ್ತಿತ್ತು ಆಗಲೂ. ಹೆದರಿ ನಾನು ಮೇಲೆ ಹಾಡು ಹೇಳ್ತಿದ್ದೆ."

"ಗೊತ್ತಿದ್ದೂ ಹೂಂ ಅಂದೆಯಾ?"

"ಅಂದೆ."

"ಯಾಕೆ?"

"ಮನೆಗೆ ಕರೆದೆ, ಬರಲಿಲ್ಲ. ಮೊಮ್ಮಗನ್ನ ನೋಡು ಬಾ ಅಂದೆ, ಬರಲಿಲ್ಲ. ಅವರು ಹೋದಾಗ ಬಾಗಿಲಿಂದಲೇ ಓಡಿಹೋದೆ. ನಿನ್ನ ಕಲ್ಲು ನಂದು ಅಂತ ಹೇಳಿದ್ರೆ ಮಾತ್ರ ನೀನು ಕುಂಟ್ಕೊಂಡಾದ್ರೂ ಬರ್ತೀಯ ಅಂತ ಗೊತ್ತಿತ್ತು. ಬೆಳಿಗ್ಗೆಯಿಂದ ಕೂತಿದ್ದೀನಿ. ಆ ಹಾಲಿನವಳು ಎಷ್ಟು ನಿಧಾನ ಮಾಡಿದಳು ಇವತ್ತು!"

ಕಪ್ಪಕ್ಕ ಒದ್ದೆ ಟವೆಲನ್ನು ಹಿಂಡಿ ಹೆಗಲಿಗೆ ಹಾಕಿಕೊಂಡಳು. ಆಮೇಲೆ ಹೋಗಿ ಬೆಂಚಿನ ಆ ತುದಿಯಲ್ಲಿ ಕೂತಳು. ಹೊನ್ನಕ್ಕ ಕೈಯಾಡಿಸಿ ಹುಡುಕಿ ಅವಳ ಕೈ ಹಿಡಿದು, ಉಗುರುಗಳನ್ನು ಸವರಿದಳು. "ಇನ್ನೂ ಕಪ್ಪು ಇದೆಯಾ?"

"ಇದೆ. ನಿಂದು?"

"ಎಲ್ಲಿ. ಹಳದಿ ಹಂಡೆ ಕವುಚಿದ ವರ್ಷವೇ ಹೋಯ್ತು. ನಿಂದು ನೋಡು, ಗಟ್ಟಿ ಬಣ್ಣ."

ಇದು ಕಪ್ಪಕ್ಕನಿಗೆ ಹಿತವಾಯಿತೆಂದು ಕಾಣುತ್ತದೆ. ಮೊಮ್ಮಗ ಸಮಯ ನೋಡಿ, "ಹಾಗಾದ್ರೆ ಫೋಟೋ ಏನು ಮಾಡಲಿ? ಕಲ್ಲು ದೊಡ್ಡಜ್ಜೀದು, ಫೋಟೋ ಅಜ್ಜೀದು," ಎಂದು ಕೇಳಿದ.

"ಅಂದ್ರೆ ಕಷ್ಟ ನಂದು, ಮುಖ ಅವಳದು," ಎಂದಳು ಕಪ್ಪಕ್ಕ. "ಹಾಕು. ಆದರೆ ಮೂಲೇಲಿ ಒಂದು ಬೆನ್ನಿದೆ ನೋಡು, ಅದನ್ನ ದೊಡ್ಡದು ಮಾಡಿಸು. ಕಲ್ಲಿನ ಪಕ್ಕ ಇರೋದು ಆ ಬೆನ್ನು."

ಎಲ್ಲರೂ ನಕ್ಕರು. ಅಲ್ಲಿಗೆ ಮುಗಿಯಬೇಕಿತ್ತು. ಏಳುವ ಹೊತ್ತಿಗೆ ಕಪ್ಪಕ್ಕ, ಗೆದ್ದವರಿಗೆ ಬರುವ ದೊಡ್ಡ ಮನಸ್ಸಿನಿಂದ, "ನಿನ್ನ ಕಲ್ಲು ಎಲ್ಲಿ ಹೋಯ್ತೋ ಪಾಪ. ಹುಡುಕಿಸಬಾರದಾ?" ಎಂದಳು.

"ಹುಡುಕೋದೇನು, ಅಲ್ಲೇ ಇದೆ," ಎಂದಳು ಹೊನ್ನಕ್ಕ. "ಪಂಪ್‌ಹೌಸ್ ಕಟ್ಟುವಾಗ ನಿನ್ನ ಮೈದುನ ಎತ್ತಿಸ್ಕೊಂಡು ಹೋಗಿ, ನೀರು ಒಳಗೆ ಬರೋ ಬಾಯಿಗೆ ಹಾಸುಗಲ್ಲು ಮಾಡಿದ್ರು. ಊರಿಗೆ ಹೋಗೋ ನೀರೆಲ್ಲ ಅದರ ಮೇಲೇ ಹೋಗೋದು. ನಿನಗೆ ಹೇಳಬೇಡ ಅಂದಿದ್ರು. ಹೇಳಿದ್ರೆ ಪಂಪ್‌ಹೌಸೇ ಕಿತ್ತು ಹಾಕ್ತಾಳೆ ಅಂತ."

ಕಪ್ಪಕ್ಕ ಮನೆ ತಲುಪಿ ಜಗಲಿಯಲ್ಲಿ ಕೂತಳು. ನಾನು ನಲ್ಲಿ ತಿರುಗಿಸಿ ಒಂದು ಲೋಟ ನೀರು ತಂದುಕೊಟ್ಟೆ. ತುಟಿಯವರೆಗೆ ತಂದವಳು ತಟಕ್ಕನೆ ನಿಲ್ಲಿಸಿ ಲೋಟದೊಳಗೆ ಇಣುಕಿದಳು.

"ನೋಡಿದೆಯೇನೇ," ಎಂದಳು. "ಅವಳ ಕಲ್ಲು ಊರಿಗೆಲ್ಲ ನೀರು ಕುಡಿಸ್ತಾ ಕೂತಿದೆ. ನನ್ನದು ಬಾಗಿಲಲ್ಲಿ ಕೂತು ಬಂದವರಿಗೆಲ್ಲ ಫೋಟೋ ಕೊಡಬೇಕು. ಇಷ್ಟು ವರ್ಷ ನಾನು ಕುಡಿದದ್ದೂ ಅವಳ ಕಲ್ಲು ತೊಳೆದ ನೀರೇ!"

ದೇವರು ಕ್ಷಮಿಸಲಿ, ನನಗೆ ನಗು ತಡೆಯಲಾಗಲಿಲ್ಲ. ಅವಳು ನನ್ನನ್ನು ದುರುಗುಟ್ಟಿ ನೋಡಿದಳು. ಬಾಯಾರಿತ್ತು, ಬೇರೆ ನೀರಿರಲಿಲ್ಲ. ಗಟಗಟ ಕುಡಿದು, ಲೋಟವನ್ನು ಮತ್ತೆ ನನ್ನ ಮುಂದೆ ಹಿಡಿದಳು. "ಇನ್ನೊಂದು ಕೊಡು."

ಮಾರನೆಯ ಬೆಳಿಗ್ಗೆ ನನ್ನ ಪ್ರಾರ್ಥನೆ ಮುಗಿಯುವ ಮೊದಲೇ ಗೋಡೆಗೆ ಬಡಿದ ಸದ್ದಾಯಿತು. ಹೊರಗೆ ಬಂದರೆ ಕಪ್ಪಕ್ಕ ಸೀರೆ ಉಟ್ಟು, ಚಪ್ಪಲಿ ಮೆಟ್ಟಿ ನಿಂತಿದ್ದಳು.

"ಎಲ್ಲಿಗೆ ಅಕ್ಕ, ಇಷ್ಟು ಬೇಗ?"

"ನದಿಗೆ. ಬೇಗ ಬಾ, ಮಣಮಣ ಆಮೇಲೆ ಮಾಡ್ಕೋ. ಅವಳು ನನಗಿಂತ ಮೊದಲು ಹೋದರೆ ನನ್ನ ಕಲ್ಲಿನ ಮೇಲೆ ಕೂತುಬಿಡ್ತಾಳೆ."